ಸುತ್ತಿಗೆ, ಜಾಕ್, ಬೆಂಕಿ: ಸೊಟ್ಟ ಕಬ್ಬಿಣದ ಜೊತೆ ಮೂರು ಪಟ್ಟು

ಹೊಲ ಉಳುವ ಹಳೆಯ ಕಲ್ಟಿವೇಟರ್ ಒಂದನ್ನು ಬಿಚ್ಚಿ ಹರಡಿದಾಗ ನೆಟ್ಟಗಿರುವ ಭಾಗ ಹುಡುಕುವುದೇ ಕಷ್ಟವಾಯಿತು. ಚೌಕಟ್ಟಿನ ಪಟ್ಟಿ ಬಿಲ್ಲಿನಂತೆ ಬಾಗಿತ್ತು, ಆನಿಕೆಗಳು ತಿರುಚಿಕೊಂಡಿದ್ದವು, ಎರಡು ಸ್ಪ್ರಿಂಗ್ ಹಲ್ಲುಗಳು ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುವ ಮೂರು ವಿಧಾನಗಳನ್ನೂ, ಅಂದರೆ ಸುತ್ತಿಗೆ, ಜಾಕ್, ಬೆಂಕಿ, ಅದರ ಮೇಲೆಯೇ ಪ್ರಯೋಗಿಸಿದೆ.

ಮೊದಲು ಕೈಗೆತ್ತಿಕೊಂಡದ್ದು ಸುತ್ತಿಗೆ. ತೆಳು ಪಟ್ಟಿ, ಸಣ್ಣ ಕೊಕ್ಕೆ, ತಗಡಿನ ಮಡಿಕೆಗೆ ಅದು ಸಾಕು. ದಪ್ಪ ಪಟ್ಟಿಯ ಮೇಲೆ ಹೊಡೆದರೆ ಮಾತ್ರ ಡೊಂಕು ಹೋಗುವುದಕ್ಕಿಂತ ಏಟು ಬಿದ್ದ ಜಾಗ ಚಪ್ಪಟೆಯಾಗುವುದೇ ಹೆಚ್ಚು. ಚಪ್ಪಟೆಯಾದ ಮಗ್ಗುಲು ಉದ್ದವಾಗುತ್ತದೆ, ಅದರಿಂದ ಹೊಸದೊಂದು ಬಾಗು ಹುಟ್ಟುತ್ತದೆ. ಅರ್ಧ ದಿನ ಬಡಿದು, ಒಂದಿದ್ದ ಡೊಂಕನ್ನು ಮೂರು ಮಾಡಿಕೊಂಡೆ.

ಜಾಕ್ ನನ್ನ ಮೆಚ್ಚಿನದು. ಗಟ್ಟಿಯಾದ ತೊಲೆಯೊಂದಕ್ಕೆ ಪಟ್ಟಿಯ ಎರಡೂ ತುದಿಗಳನ್ನು ಸರಪಳಿಯಿಂದ ಬಿಗಿದು, ನಡುವೆ ಬಾಟಲ್ ಜಾಕ್ (ವಾಹನ ಎತ್ತುವ, ಬಾಟಲಿ ಆಕಾರದ ಜಾಕ್) ಇಟ್ಟು, ಉಬ್ಬಿದ ಕಡೆಯಿಂದ ನಿಧಾನವಾಗಿ ಒತ್ತುವುದು. ಹೈಡ್ರಾಲಿಕ್ ಪ್ರೆಸ್ ಇದ್ದವರಿಗೆ ಇದು ಇನ್ನೂ ಸಲೀಸು. ಇಲ್ಲಿ ಕಲಿಯಬೇಕಾದದ್ದು ಉಕ್ಕಿನ ಮರುಪುಟಿತ. ನೆಟ್ಟಗಾಯಿತೆಂದು ಜಾಕ್ ಸಡಿಲಿಸಿದರೆ ಪಟ್ಟಿ ಮತ್ತೆ ಬಾಗಿ ನಗುತ್ತದೆ. ಸುಮಾರು ಒಂದು ಮೀಟರ್ ಅಂತರದಲ್ಲಿ 12 ಮಿ.ಮೀ. ಬಾಗಿದ್ದ ಪಟ್ಟಿಯನ್ನು ನೇರ ಗೆರೆ ದಾಟಿಸಿ ಇನ್ನೂ 6 ಮಿ.ಮೀ.ನಷ್ಟು ಆಚೆಗೆ ಒತ್ತಿದ ಮೇಲೆಯೇ ಅದು ನೆಟ್ಟಗೆ ನಿಂತಿತು. ಒಮ್ಮೆಗೇ ಅಷ್ಟು ಒತ್ತಬಾರದು. ಸ್ವಲ್ಪ ಒತ್ತಿ, ಬಿಟ್ಟು, ದಾರ ಎಳೆದು ನೋಡಿ, ಮತ್ತೆ ಒತ್ತಬೇಕು. ಸರಪಳಿ ಯಾವಾಗ ಕಳಚೀತೋ ಹೇಳಲಾಗದು, ಅದರ ನೇರಕ್ಕೆ ನಿಲ್ಲಲೇಬೇಡಿ.

ಇನ್ನು ಬೆಂಕಿ. ಕೆಂಪಗೆ ಕಾಯಿಸಿ ಬಗ್ಗಿಸುವುದು ಎಲ್ಲರಿಗೂ ಗೊತ್ತು. ಜಾಕ್‌ಗೆ ಮಣಿಯದ ದಪ್ಪ ಭಾಗಕ್ಕೆ ಅದು ಸರಿ. ನನ್ನನ್ನು ಬೆರಗಾಗಿಸಿದ್ದು ಇನ್ನೊಂದು ಬಗೆ, ಬಲವನ್ನೇ ಹಾಕದೆ ಕಾವಿನಿಂದಲೇ ನೆಟ್ಟಗೆ ಮಾಡುವುದು. ಉಬ್ಬಿದ ಅಂಚಿನಲ್ಲಿ ಅಗಲವಾಗಿ ಶುರುವಾಗಿ ಒಳಗಂಚಿನ ಕಡೆಗೆ ಚೂಪಾಗುವ ತ್ರಿಕೋನವೊಂದನ್ನು ಗ್ಯಾಸ್ ಟಾರ್ಚಿನಿಂದ ಕಾಯಿಸಬೇಕು. ಕಾಯುವಾಗ ಡೊಂಕು ಹೆಚ್ಚಾಗುತ್ತದೆ! ಮೊದಲ ಸಲ ನಾನು ಹೆದರಿ ಟಾರ್ಚ್ ಆರಿಸಿಬಿಟ್ಟೆ. ಕಾದ ಭಾಗಕ್ಕೆ ಹಿಗ್ಗಲು ಸುತ್ತಲಿನ ತಣ್ಣನೆಯ ಉಕ್ಕು ಪೂರ್ತಿ ಎಡೆ ಕೊಡುವುದಿಲ್ಲ. ಹಾಗಾಗಿ ಅದು ತನ್ನಲ್ಲೇ ದಪ್ಪಗಾಗುತ್ತದೆ. ತಣ್ಣಗಾಗುವಾಗ ಮೊದಲಿಗಿಂತ ಗಿಡ್ಡವಾಗಿ, ಇಡೀ ಪಟ್ಟಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಈ ಬಗೆಯಲ್ಲಿ ಸಾಮಾನ್ಯ ಮೆದು ಉಕ್ಕಿಗೆ 650 ಡಿಗ್ರಿ ಸೆಲ್ಸಿಯಸ್ ಮೇಲ್ಮಿತಿ, ಅಂದರೆ ನೆರಳಿನಲ್ಲಿ ಕಾಣುವ ಮಂದ ಕೆಂಪು. ಬಿಸಿಲಿನಲ್ಲಿ ಆ ಬಣ್ಣ ಕಾಣುವುದೇ ಇಲ್ಲ. 200ರಿಂದ 300 ಡಿಗ್ರಿಯ ನಡುವೆ, ನೀಲಿ ಬಣ್ಣ ಏರುವಾಗ, ಉಕ್ಕು ಪೆಡಸಾಗಿ, ಬಗ್ಗುವ ಬದಲು ಬಿರಿಯುವಂತಿರುತ್ತದೆ. ಆಗ ಬಗ್ಗಿಸಲು ಹೋಗಬಾರದು.

ಈ ಬೆಂಕಿಯ ಹುಮ್ಮಸ್ಸಿನಲ್ಲೇ ಒಂದು ಸ್ಪ್ರಿಂಗ್ ಹಲ್ಲನ್ನು ಹಾಳು ಮಾಡಿಕೊಂಡೆ. ಅದರ ಶಕ್ತಿಯೆಲ್ಲ, ತಯಾರಿಸುವಾಗ ಕಾಯಿಸಿ ತಣಿಸಿ ಕೊಟ್ಟ ಹದದಲ್ಲಿದೆ. ಕೆಂಪಗೆ ಕಾಯಿಸಿದ್ದೇ ಹದ ಹೋಯಿತು, ಮೊದಲ ಉಳುಮೆಗೇ ಹಲ್ಲು ಬಾಗಿ ಮಲಗಿತು. ಇನ್ನೊಂದನ್ನು ಕಾಯಿಸದೆ ಜಾಕಿನಿಂದ ತಿದ್ದಿದೆ. ತುಂಬಾ ಹಟಮಾರಿ, ಬಹಳ ದೂರ ಒತ್ತಬೇಕಾಯಿತು, ಆದರೂ ನಿಂತಿದೆ.

ಬೀಡುಕಬ್ಬಿಣವಾದರೆ ಮೂರನ್ನೂ ಬಿಡಿ, ಒಡೆದೇ ಹೋಗುತ್ತದೆ. ಎರಡೂ ತುದಿ ಮುಚ್ಚಿದ ಕೊಳವೆಗೆ ಬೆಂಕಿ ತೋರಿಸಬೇಡಿ, ಒಳಗಿನ ಒತ್ತಡಕ್ಕೆ ಸಿಡಿಯಬಹುದು. ಸತು ಲೇಪಿಸಿದ ಭಾಗದ ಹೊಗೆ ಜ್ವರ ತರಿಸುತ್ತದೆ.

ಯಾವ ದಾರಿಯಲ್ಲಿ ತಿದ್ದಿದರೂ ಕೊನೆಗೆ ಬಿರುಕು ನೋಡಬೇಕು. ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದರೆ ಬಿರುಕಿನೊಳಗಿನ ಎಣ್ಣೆ ತೇವದ ಗೆರೆಯಾಗಿ ಹೊರಬರುತ್ತದೆ. ಎಷ್ಟೋ ಚೆಂದ ನೆಟ್ಟಗಾಗಿದ್ದ ಆನಿಕೆಯೊಂದರಲ್ಲಿ ಬೋಲ್ಟಿನ ತೂತಿನಿಂದ ಅಂಚಿನವರೆಗೂ ಆ ಗೆರೆ ಮೂಡಿತು. ಅದನ್ನು ಗುಜರಿಗೆ ಹಾಕಿ, ಹೊಸ ಪಟ್ಟಿ ಕತ್ತರಿಸಿದೆ.