ಸ್ಟಾಲ್‌ನ ತ್ರೀಡಿ ಚಿತ್ರ ನೋಡಿ ಅಡ್ವಾನ್ಸ್ ಕೊಡಬೇಡಿ

ಕಡಿಮೆ ಬಜೆಟ್‌ನಲ್ಲಿ ವ್ಯಾಪಾರ ಮೇಳಕ್ಕೆ ಸ್ಟಾಲ್ ಹಾಕಿಸುವವರು ದಯವಿಟ್ಟು ಓದಿ.

ನಮ್ಮದು 3 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗ. ಸ್ಟಾಲ್ ಕಟ್ಟಿಕೊಡುವ ಫ್ಯಾಬ್ರಿಕೇಟರ್ ಒಬ್ಬರು ತ್ರೀಡಿ ಚಿತ್ರ ಕಳಿಸಿದರು. ಗೋಡೆ ಸುತ್ತ ಬೆಳಕಿನ ಪಟ್ಟಿ, ಮಿಂಚುವ ಕೌಂಟರ್, ದೂರದಿಂದಲೇ ಎದ್ದು ಕಾಣುವ ಹೆಸರು. ರೇಟು ಉಳಿದವರಿಗಿಂತ ಕಮ್ಮಿ. ಕೊಟೇಶನ್‌ನಲ್ಲಿ ಇದ್ದದ್ದು ಮಾತ್ರ ಒಂದೇ ಸಾಲು: ‘ಚಿತ್ರದಲ್ಲಿರುವಂತೆ ಸ್ಟಾಲ್’. ಮುಕ್ಕಾಲು ದುಡ್ಡು ಮೊದಲೇ ಕೇಳಿ ತಗೊಂಡರು.

ಮೇಳದ ಹಿಂದಿನ ರಾತ್ರಿ ಎದ್ದು ನಿಂತದ್ದೇ ಬೇರೆ. ಕೌಂಟರ್ ಅಂದರೆ ಪ್ಲೈವುಡ್ ಮೇಲೆ ಅಂಟಿಸಿದ ವಿನೈಲ್ ಸ್ಟಿಕ್ಕರ್, ಅದೂ ಮೂಲೆಯಲ್ಲಿ ಗುಳ್ಳೆ ಎದ್ದಿತ್ತು. ಪೇಂಟ್ ಇನ್ನೂ ಹಸಿ. ಬೆಳಕಿನ ಪಟ್ಟಿಯ ಬದಲು ಎರಡು ಸ್ಪಾಟ್‌ಲೈಟ್. ಹಿಂದಿನ ಗೋಡೆಯ ದೊಡ್ಡ ಚಿತ್ರವನ್ನು ಕತ್ತರಿಸಿ ಒಂದೊಂದು ಪ್ಯಾನೆಲ್‌ಗೆ ಒಂದೊಂದು ತುಂಡು ಹಾಕಿದ್ದರು. ನಡುವೆ ಅಲ್ಯೂಮಿನಿಯಂ ಕಂಬ. ನಮ್ಮ ಹೆಸರಿನ ಒಂದು ಅಕ್ಷರ ಪೂರ್ತಿ ಮಾಯ! ಉಳಿದದ್ದನ್ನು ಓದಿದವರು ಇದು ಯಾವುದೋ ಬೇರೆ ಕಂಪನಿ ಅಂದುಕೊಂಡರೆ ತಪ್ಪೇನು? ಕೇಳಿದರೆ ಬಂದ ಉತ್ತರ, ‘ಚಿತ್ರ ಸುಮ್ನೆ ಐಡಿಯಾಕ್ಕೆ ಅಷ್ಟೇ.’

ಅಷ್ಟಕ್ಕೇ ಮುಗಿಯಲಿಲ್ಲ. ಕರೆಂಟ್ ಅವರ ರೇಟಿನಲ್ಲಿ ಸೇರಿರಲೇ ಇಲ್ಲ. ಅದಕ್ಕೆ ಆಯೋಜಕರ ಹತ್ತಿರ ಬೇರೆ ಅರ್ಜಿ ಹಾಕಬೇಕು, ಗಡುವು ದಾಟಿದರೆ ಸಾಮಾನ್ಯವಾಗಿ ರೇಟು ಏರುತ್ತದೆ. ಬೆಳಿಗ್ಗೆ ಸುರಕ್ಷತೆ ತಪಾಸಣೆಗೆ ಬಂದವರು ಮೇಲೆ ಕಟ್ಟಿದ್ದ ಬಟ್ಟೆಗೆ ಬೆಂಕಿ ತಡೆಯುವ ಸರ್ಟಿಫಿಕೇಟ್ ಕೇಳಿದರು. ಫ್ಯಾಬ್ರಿಕೇಟರ್ ಫೋನೇ ಎತ್ತಲಿಲ್ಲ. ಬಟ್ಟೆ ಇಳಿಸಿದೆವು. ಇಡೀ ಸ್ಟಾಲ್‌ನಲ್ಲಿ ನೋಡೋಕೆ ಚೆನ್ನಾಗಿದ್ದದ್ದು ಅದೊಂದೇ.

ಹಾಗಾಗಿ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದರಲ್ಲಿ ಕಾಣುವ ಒಂದೊಂದು ವಸ್ತುವನ್ನೂ ಅಳತೆ, ಮೆಟೀರಿಯಲ್, ಸಂಖ್ಯೆ ಸಮೇತ ಬರೆಸಿಕೊಳ್ಳಿ. ಎಷ್ಟು ಲೈಟು, ಎಷ್ಟು ವ್ಯಾಟ್, ಕರೆಂಟ್ ಯಾರ ಖರ್ಚು, ಬಿಚ್ಚಿ ಸಾಗಿಸುವವರು ಯಾರು, ಎಲ್ಲ. ‘ಅದೆಲ್ಲ ಯಾಕೆ, ನಾವಿದ್ದೀವಲ್ಲ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಕೊನೆಯ ಕಂತನ್ನು ಸ್ಟಾಲ್ ನೋಡಿದ ಮೇಲೆ ಮಾತ್ರ ಕೊಡಿ.

ದುಡ್ಡು ನಿಜವಾಗಿಯೂ ಕಮ್ಮಿ ಇದ್ದರೆ, ಆಯೋಜಕರೇ ಪ್ಯಾನೆಲ್ ಜೋಡಿಸಿ ಕೊಡುವ ಸಿದ್ಧ ಸ್ಟಾಲ್, ಅಂದರೆ ಶೆಲ್ ಸ್ಕೀಮ್, ಸಾಕು ಅನ್ನೋದು ನನ್ನ ಅಭಿಪ್ರಾಯ. ಪ್ಯಾನೆಲ್‌ಗಳು ಹೆಚ್ಚಾಗಿ ಸುಮಾರು 1 ಮೀಟರ್ ಅಗಲ, 2.5 ಮೀಟರ್ ಎತ್ತರ ಇರುತ್ತವೆ. ಕಂಬಗಳನ್ನೂ ಮುಚ್ಚುವಂತೆ ಒಂದೇ ಬಟ್ಟೆಯ ಪ್ರಿಂಟ್ ಹಾಕಿಸಿ, ದುಡ್ಡು ಅದಕ್ಕೆ ಸುರಿಯಿರಿ. ಹೆಸರು ತಲೆಗಿಂತ ಮೇಲೆ ಇರಲಿ, ಕೆಳಗೆ ಬರೆದದ್ದನ್ನು ನಿಂತ ಜನ ಮರೆಮಾಡುತ್ತಾರೆ. ಲೋಗೋಗೆ ಎಷ್ಟು ದೊಡ್ಡದು ಮಾಡಿದರೂ ಒಡೆಯದ ವೆಕ್ಟರ್ ಫೈಲೇ ಕೊಡಿ, ವಾಟ್ಸಾಪ್‌ನಲ್ಲಿ ಬಂದದ್ದು ಗೋಡೆಯಷ್ಟು ದೊಡ್ಡದಾದರೆ ಒಡೆದು ಕಾಣುತ್ತದೆ.

ಮತ್ತೆ, ಪ್ಯಾನೆಲ್‌ಗೆ ಮೊಳೆ ಹೊಡೆಯಲು ಯಾರನ್ನೂ ಬಿಡಬೇಡಿ. ತೂತು ಬಿದ್ದರೆ ಡ್ಯಾಮೇಜ್ ಬಿಲ್ ಬರುವುದು ಸ್ಟಾಲ್ ಬುಕ್ ಮಾಡಿದವರ ಹೆಸರಿಗೆ, ಮೊಳೆ ಹೊಡೆದವರ ಹೆಸರಿಗಲ್ಲ.