ಅಂಗಡಿ ಬಾಡಿಗೆಗೆ ಹಿಡಿಯುವ ಮುಂಚೆ ಛೇಂಬರ್ ಮುಚ್ಚಳ ತೆಗೆಸಿ ನೋಡಿ

ಬೆಂಗಳೂರಲ್ಲಿ ಹೋಟೆಲ್, ಬೇಕರಿ, ಮೆಸ್, ಕಾಂಡಿಮೆಂಟ್ಸ್ ಅಂತ ಏನಾದರೂ ಇಡಲು ಮಳಿಗೆ ಹುಡುಕುತ್ತಿರುವವರು ಇದನ್ನೊಮ್ಮೆ ಓದಿ. ಬಾಡಿಗೆ, ಅಡ್ವಾನ್ಸ್, ಕರೆಂಟ್ ಲೋಡ್, ಪಾರ್ಕಿಂಗ್ ಎಲ್ಲವನ್ನೂ ಕೇಳುತ್ತೀರಿ. ಸಿಂಕಿಗೆ ಸುರಿದ ನೀರು ಕಟ್ಟಡದಿಂದ ಆಚೆ ಹೋಗಿ ಎಲ್ಲಿಗೆ ಸೇರುತ್ತದೆ ಅನ್ನುವುದನ್ನು ಮಾತ್ರ ಕಣ್ಣಾರೆ ನೋಡದೆ ಅಗ್ರಿಮೆಂಟಿಗೆ ಸಹಿ ಹಾಕಬೇಡಿ. ನಮಗೆ ಈ ಒಂದು ಕಾರಣಕ್ಕೆ ಅಂಗಡಿ ಹೋಯಿತು, ಅಡ್ವಾನ್ಸಿನಲ್ಲಿ ಅರ್ಧ ಇನ್ನೂ ಸಿಕ್ಕಿಲ್ಲ.

ವಿಜಯನಗರದ ಕಡೆ ಒಂದು ಅಡ್ಡರಸ್ತೆ. ಮೇಲೆ ಮನೆಗಳು, ಕೆಳಗೆ ಎರಡು ಮಳಿಗೆ. ಅದರಲ್ಲೊಂದನ್ನು ನಾನೂ ಅತ್ತಿಗೆಯೂ ಸೇರಿ ಹಿಡಿದೆವು. ಮುಂದೆ ಕೌಂಟರ್, ಹಿಂದೆ ಒಲೆ. ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ವಾರದ ಕೊನೆಗೆ ಹೋಳಿಗೆ. ಅತ್ತಿಗೆಯ ತವರಿನವರು ಮದುವೆ ಅಡುಗೆ ಮಾಡುವವರು, ಜಿಡ್ಡಿನ ಪಾತ್ರೆ ತೊಳೆದ ನೀರು ಏನೆಲ್ಲ ಮಾಡುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಮಳಿಗೆ ನೋಡಲು ಹೋದಾಗಲೇ ಕೇಳಿದರು, "ಸರ್, ಸಿಂಕ್ ನೀರು ಯುಜಿಡಿಗೇ ಹೋಗುತ್ತಾ?" ಯುಜಿಡಿ ಅಂದರೆ ನೆಲದಡಿಯ ಒಳಚರಂಡಿ. ಓನರ್ ಒಳಗಿಂದ ಜಲಮಂಡಳಿಯ ಬಿಲ್ ತಂದು ಮುಂದಿಟ್ಟರು. "ಇನ್ನೆಲ್ಲಿಗೆ ಹೋಗುತ್ತಮ್ಮ? ನೋಡಿ, ಸ್ಯಾನಿಟರಿ ಚಾರ್ಜ್ ಕಟ್ತಾ ಇದೀವಲ್ಲ. ಹಿಂದೆ ಇದ್ದೋರು ಬೇಕರಿನೇ ಇಟ್ಟಿದ್ರು, ಒಂದಿನ ತೊಂದರೆ ಆಗಿಲ್ಲ." ಬ್ರೋಕರ್ ಪಕ್ಕದಲ್ಲಿ ನಿಂತು ತಲೆಯಾಡಿಸಿದ.

ಬಿಲ್ ಸುಳ್ಳಲ್ಲ. ಆದರೆ ಆ ಸಾಲು ಹೇಳುವುದು ಕಟ್ಟಡಕ್ಕೆ ಒಳಚರಂಡಿ ಸಂಪರ್ಕ ಇದೆ ಅನ್ನುವುದನ್ನಷ್ಟೇ. ಕಟ್ಟಡದ ಯಾವ ಪೈಪು ಅದಕ್ಕೆ ಸೇರಿದೆ ಅಂತ ಬಿಲ್ ನೋಡಿ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಮಾತು, ಆ ಬಿಲ್ ಗೃಹಬಳಕೆಯ ದರದಲ್ಲಿತ್ತು. ವಾಣಿಜ್ಯ ಬಳಕೆಗೆ ದರವೇ ಬೇರೆ. ಮಳಿಗೆ ಬಾಡಿಗೆಗೆ ಕೊಡುವವರು ಮನೆಯ ಬಿಲ್ ತೋರಿಸಿದರೆ ಅಲ್ಲೇ ಒಂದು ಪ್ರಶ್ನೆ ಕೇಳಿ.

ಆ ಕಟ್ಟಡದಲ್ಲಿ ಎಲ್ಲ ತಿರುಗುಮುರುಗಾಗಿತ್ತು. ಟಾಯ್ಲೆಟ್ ಲೈನ್ ಯುಜಿಡಿಗೆ ಹೋಗುತ್ತಿತ್ತು, ಅದು ಸರಿ. ಟೆರೇಸಿನ ಮಳೆನೀರಿನ ಪೈಪುಗಳನ್ನೂ ಅದೇ ಛೇಂಬರಿಗೆ, ಅಂದರೆ ಕೊಳೆನೀರಿನ ಪೈಪುಗಳು ಕೂಡುವ ಮುಚ್ಚಳದ ಗುಂಡಿಗೆ, ಇಳಿಸಿದ್ದರು. ನಮ್ಮ ಸಿಂಕಿನ ನೀರನ್ನು ಮಾತ್ರ ಮೆಟ್ಟಿಲ ಕೆಳಗಿಂದ ಒಯ್ದು ರಸ್ತೆಬದಿಯ ಮಳೆನೀರಿನ ಮೋರಿಗೆ ಬಿಟ್ಟಿದ್ದರು. ಒಳಚರಂಡಿಗೆ ಹೋಗಬೇಕಾದ್ದು ಮೋರಿಗೆ, ಮೋರಿಗೆ ಹೋಗಬೇಕಾದ್ದು ಒಳಚರಂಡಿಗೆ. ಪೈಪೆಲ್ಲ ಟೈಲ್ಸ್ ಕೆಳಗೆ, ಮೋರಿಯ ಮೇಲೆ ಕಲ್ಲುಚಪ್ಪಡಿ. ನೋಡಿದರೆ ಏನೂ ಕಾಣದು.

ಮುಂಗಾರಿಗೆ ಮುಂಚಿನ ಮೊದಲ ಜೋರು ಮಳೆಗೆ ಮಳಿಗೆಯ ಹಿಂದಿನ ಟಾಯ್ಲೆಟ್ಟಿನಿಂದ ನೀರು ಉಕ್ಕಿ ಒಲೆಯ ತನಕ ಬಂತು. ಕರಿದು ಹರವಿದ್ದ ನಿಪ್ಪಟ್ಟು, ಕೆಳಗಿಟ್ಟಿದ್ದ ಹಿಟ್ಟಿನ ಮೂಟೆ, ಎಲ್ಲ ಹೋಯಿತು. ಆ ವಾಸನೆಯ ಬಗ್ಗೆ ಬರೆಯುವುದಿಲ್ಲ, ತಿಂಡಿ ಮಾರುವ ಜಾಗ ಅಂತಷ್ಟೇ ನೆನಪಿಡಿ.

ಹೀಗೇಕಾಗುತ್ತದೆ ಅನ್ನುವುದಕ್ಕೆ ಲೆಕ್ಕ ಸುಲಭ. ಒಳಚರಂಡಿ ಪೈಪಿನ ಅಳತೆ ನಿರ್ಧರಿಸುವಾಗ ಎಂಜಿನಿಯರುಗಳು ಹಿಡಿಯುವುದು ಮನೆಗಳಿಗೆ ಪೂರೈಕೆಯಾಗುವ ನೀರಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಳೆನೀರಾಗಿ ವಾಪಸ್ ಬರುತ್ತದೆ ಅಂತ. ಮಳೆ ಆ ಲೆಕ್ಕದಲ್ಲಿಲ್ಲ. ಈಗ 30x40 ಸೈಟಿನ ಅಳತೆಯ ಚಾವಣಿ ಒಂದನ್ನು ತೆಗೆದುಕೊಳ್ಳಿ. 50 ಮಿ.ಮೀ. ಮಳೆ ಬಿದ್ದರೆ ಅದರ ಮೇಲಿಂದ ಇಳಿಯುವುದು ಸುಮಾರು 5,500 ಲೀಟರ್. ದಿನಕ್ಕೆ ತಲೆಗೆ 135 ಲೀಟರ್‌ನಂತೆ ನಾಲ್ಕು ಜನರ ಕುಟುಂಬ ಹತ್ತು ದಿನ ಬಳಸುವ ನೀರು ಅದು, ಗಂಟೆ ಎರಡು ಗಂಟೆಯಲ್ಲಿ ಒಂದೇ ಪೈಪಿಗೆ ನುಗ್ಗುತ್ತದೆ. ಬೀದಿಯ ಹತ್ತು ಕಟ್ಟಡಗಳು ಹೀಗೆ ಮಾಡಿದರೆ ಮ್ಯಾನ್‌ಹೋಲ್ ತುಂಬಿ, ಎಲ್ಲಕ್ಕಿಂತ ತಗ್ಗಿನಲ್ಲಿರುವ ಟಾಯ್ಲೆಟ್ಟಿನಲ್ಲಿ ನೀರು ಮೇಲೇಳುತ್ತದೆ. ಆ ತಗ್ಗು ನಮ್ಮದಾಗಿತ್ತು. ಮಳೆನೀರನ್ನು ಒಳಚರಂಡಿಗೆ ಬಿಡಬಾರದು ಅಂತ ಜಲಮಂಡಳಿ ಮಳೆಗಾಲ ಬಂದಾಗಲೆಲ್ಲ ಹೇಳುತ್ತಲೇ ಇರುತ್ತದೆ. 2009ರಿಂದ ನಿಗದಿತ ಅಳತೆ ಮೀರಿದ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಗಿದೆ, ಆ ನೀರನ್ನು ತೊಟ್ಟಿಗೋ ಇಂಗುಗುಂಡಿಗೋ ಹಾಕಬೇಕು. ಜಯನಗರದಲ್ಲಿ ಅದಕ್ಕೆಂದೇ ಮಂಡಳಿಯ ಮಾಹಿತಿ ಕೇಂದ್ರ ಇದೆ, ನಮ್ಮ ಓನರಂಥವರು ಒಂದು ಸಲ ಹೋಗಿ ಬರಬಹುದು.

ಮಳೆ ನಿಂತ ಮೇಲೆ ಎರಡನೇ ಪೆಟ್ಟು. ಎದುರುಮನೆಯವರು ಮೋರಿ ಕಟ್ಟಿಕೊಂಡಿದೆ ಅಂತ ದೂರು ಕೊಟ್ಟರು. ಚಪ್ಪಡಿ ಎತ್ತಿಸಿದಾಗ ಎಣ್ಣೆ, ಕಡಲೆಹಿಟ್ಟು, ಸೋಪು ಎಲ್ಲ ಸೇರಿ ಮೇಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲುಗಡೆ ನಮ್ಮ ಸಿಂಕಿನ ಪೈಪಿನ ಬಾಯಿ. ಟ್ರೇಡ್ ಲೈಸೆನ್ಸ್ ನಮ್ಮ ಹೆಸರಲ್ಲಿತ್ತು, ನೋಟಿಸೂ ನಮ್ಮ ಹೆಸರಿಗೇ ಬಂತು. ಪೈಪ್ ಹಾಕಿಸಿದವರ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಕಟ್ಟಡ ಕಟ್ಟಿದವರು ಯಾರೇ ಇರಲಿ, ನೀರು ಬಿಡುತ್ತಿರುವವರು ನೀವಾದರೆ ಕಾಗದ ನಿಮ್ಮ ಬಾಗಿಲಿಗೇ ಬರುತ್ತದೆ.

"ಮೋರಿಗೆ ಬಿಟ್ಟರೇನು, ಒಳಚರಂಡಿಗೆ ಬಿಟ್ಟರೇನು, ಕೊನೆಗೆ ಎಲ್ಲ ವೃಷಭಾವತಿ ನದಿಗೇ ತಾನೇ" ಅಂತ ಓನರ್ ವಾದ. ವ್ಯತ್ಯಾಸ ಅಲ್ಲೇ ಇರುವುದು. ಒಳಚರಂಡಿಯ ನೀರು ಶುದ್ಧೀಕರಣ ಘಟಕಕ್ಕೆ ಹೋಗಬೇಕಾದ್ದು. ಮೋರಿಯ ನೀರು ರಾಜಕಾಲುವೆ ಹಿಡಿದು ಹಾಗೆಯೇ ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಬಿಡದಿ ಬಳಿಯ ಭೈರಮಂಗಲ ಕೆರೆಗೆ ಸೇರುತ್ತದೆ. ಅದಕ್ಕೇ ಕಾನೂನಿನಲ್ಲೂ ಎರಡಕ್ಕೂ ಬೇರೆ ಬೇರೆ ಮಿತಿ. 1986ರ ಪರಿಸರ ಸಂರಕ್ಷಣಾ ನಿಯಮಗಳ ಅನುಸೂಚಿಯ ಪ್ರಕಾರ ಸಾರ್ವಜನಿಕ ಒಳಚರಂಡಿಗೆ ಬಿಡುವ ಉದ್ದಿಮೆ ನೀರಿನಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ತನಕ, ಬಿಒಡಿ (ನೀರಿನಲ್ಲಿರುವ ಕೊಳೆ ಕೊಳೆಯಲು ಬೇಕಾಗುವ ಆಮ್ಲಜನಕದ ಲೆಕ್ಕ) 350 ತನಕ ಇರಬಹುದು. ಕೆರೆ, ನದಿಗೆ ಸೇರುವ ನೀರಿಗಾದರೆ ಎಣ್ಣೆ 10, ಬಿಒಡಿ ಬರೀ 30. ಅಂದರೆ ಓನರ್ ನಾಲ್ಕು ಅಡಿ ಪೈಪ್ ಉಳಿಸಲು ಹೋಗಿ ನಮ್ಮ ಪಾತ್ರೆ ತೊಳೆದ ನೀರನ್ನು ಅತಿ ಬಿಗಿಯಾದ ಮಿತಿ ಇರುವ ಕಡೆಗೇ ಬಿಟ್ಟಿದ್ದರು.

ಯುಜಿಡಿ ಲೈನ್ ಬಿಡಿಸಲು ಓನರ್ ಸೂಚಿಸಿದ ಪರಿಹಾರ ಇನ್ನೂ ಕೆಟ್ಟದ್ದು. ಮೊದಲು ಪ್ಲಂಬರ್ ಆ್ಯಸಿಡ್ ಕ್ಯಾನ್ ಹಿಡಿದು ಬಂದ. ಒಳಚರಂಡಿಗೆ ಬಿಡುವ ನೀರಿನ ಪಿಹೆಚ್ (ಆಮ್ಲ-ಕ್ಷಾರದ ಅಳತೆ) 5.5ರಿಂದ 9ರ ಒಳಗಿರಬೇಕು ಅನ್ನುವುದು ಅದೇ ಅನುಸೂಚಿಯಲ್ಲಿದೆ. ಹೋಗಲಿ, ಆ್ಯಸಿಡ್ಡಿಗೆ ಜಿಡ್ಡು ಕರಗುವುದೂ ಇಲ್ಲ, ಸಿಮೆಂಟು ತಿನ್ನುತ್ತದೆ ಅಷ್ಟೇ. ಅದನ್ನು ಬೇಡ ಅಂದಾಗ, "ಇಬ್ಬರು ಹುಡುಗರು ಬರ್ತಾರೆ, ರಸ್ತೆ ಮ್ಯಾನ್‌ಹೋಲಲ್ಲಿ ಇಳಿದು ಬಳಿದು ಕೊಡ್ತಾರೆ, ದುಡ್ಡು ನೀವೇ ಕೊಟ್ಬಿಡಿ" ಅಂದರು. ಅತ್ತಿಗೆ ಅಲ್ಲಿಯವರೆಗೂ ದನಿ ಎತ್ತಿದವರಲ್ಲ. "ಯಾರ ಮನೆ ಮಕ್ಕಳನ್ನು ಇಳಿಸ್ತೀರಿ ಸರ್, ನಿಮ್ಮ ಮಗನ್ನ ಇಳಿಸ್ತೀರಾ?" ಅಂದೇಬಿಟ್ಟರು. ಮ್ಯಾನ್‌ಹೋಲಿನ ಗಾಳಿಗೆ ಮೊದಲು ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಒಳಗಿದ್ದವರು ಹಾಗೇ ಕುಸಿಯುತ್ತಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಮನುಷ್ಯರನ್ನು ಚರಂಡಿಗೆ ಇಳಿಸುವುದು ಅಪರಾಧ. ಮೊದಲ ಸಲವೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಹಣ ನಿಮ್ಮ ಕೈಯಿಂದ ಹೋಗಿದ್ದರೆ ಸಿಕ್ಕಿಬೀಳುವವರು ಯಾರು ಅಂತ ಯೋಚಿಸಿ. ನಾವು ಜಲಮಂಡಳಿಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿದೆವು, ಒತ್ತಡದಿಂದ ನೀರು ಚಿಮ್ಮಿಸುವ ಜೆಟ್ಟಿಂಗ್ ಗಾಡಿ ಬಂದು ಯುಜಿಡಿ ಲೈನ್ ಬಿಡಿಸಿತು. ಲೈನ್ ಕಟ್ಟಿದರೆ ಅದೊಂದೇ ದಾರಿ.

ಈಗ, ಮಳಿಗೆ ನೋಡಲು ಹೋದಾಗ ನೀವು ಮಾಡಬೇಕಾದ್ದು. ಕಟ್ಟಡದ ಎಲ್ಲ ಛೇಂಬರ್ ಮುಚ್ಚಳ ತೆಗೆಸಿ. ಒಂದು ಬಕೆಟ್ ನೀರಿಗೆ ಅರಿಶಿನ ಕಲಸಿ ಸಿಂಕಿಗೆ ಸುರಿಯಿರಿ, ಒಬ್ಬರು ಛೇಂಬರ್ ಹತ್ತಿರ, ಇನ್ನೊಬ್ಬರು ಮೋರಿಯ ಹತ್ತಿರ ನಿಂತಿರಿ. ಹಳದಿ ಎಲ್ಲಿ ಕಾಣುತ್ತದೋ ಅದೇ ಉತ್ತರ. ಆಮೇಲೆ ಟೆರೇಸಿಗೆ ಹೋಗಿ ಮಳೆ ಪೈಪಿಗೂ ಹಾಗೇ ಮಾಡಿ. ಓನರ್ "ಅದೆಲ್ಲ ಯಾಕಮ್ಮ" ಅಂದರೆ ನಮಸ್ಕಾರ ಹೇಳಿ ಬನ್ನಿ. ಮಳಿಗೆಯ ಟಾಯ್ಲೆಟ್ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ತಗ್ಗಿನಲ್ಲಿದ್ದರೆ ನೀರು ಹಿಂದೆ ಬಾರದ ಹಾಗೆ ವಾಲ್ವ್ ಇದೆಯೇ ಅಂತಲೂ ಕೇಳಿ.

ಗ್ರೀಸ್ ಟ್ರ್ಯಾಪ್ ಇಡಲು ಜಾಗ ಇದೆಯೇ ನೋಡಿ. ಅದು ದೊಡ್ಡ ಯಂತ್ರವಲ್ಲ, ನಡುವೆ ಅಡ್ಡಗೋಡೆಗಳಿರುವ ಪೆಟ್ಟಿಗೆ. ನೀರು ನಿಧಾನವಾದಾಗ ಎಣ್ಣೆ ಮೇಲೆ ತೇಲುತ್ತದೆ, ನೀರು ಕೆಳಗಿನಿಂದ ಹೊರಹೋಗುತ್ತದೆ. ತೇಲಿದ್ದನ್ನು ನಿಯಮಿತವಾಗಿ ತೆಗೆಯದಿದ್ದರೆ ಇದ್ದೂ ದಂಡ. ಕುದಿಯುವ ನೀರು ಸುರಿದರೂ ಜಿಡ್ಡು ಕರಗಿ ದಾಟಿಹೋಗಿ ಮುಂದಿನ ಪೈಪಿನಲ್ಲಿ ತಣ್ಣಗಾಗಿ ಕೂರುತ್ತದೆ. ಪಾತ್ರೆಯನ್ನು ತೊಳೆಯುವ ಮುಂಚೆ ಕಾಗದದಿಂದ ಒರೆಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಕರಿದು ಉಳಿದ ಎಣ್ಣೆಯನ್ನಂತೂ ಸಿಂಕಿಗೆ ಹಾಕಲೇಬೇಡಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಿಂದ ಅದನ್ನು ಜೈವಿಕ ಡೀಸೆಲ್‌ಗೆ ಸಂಗ್ರಹಿಸುವ ವ್ಯವಸ್ಥೆ ಮಾಡಿದೆ, ಬಂದು ಒಯ್ಯುವವರು ದುಡ್ಡನ್ನೂ ಕೊಡುತ್ತಾರೆ. ನಾವು ಮೊದಲಿನಿಂದಲೂ ಡಬ್ಬದಲ್ಲಿ ತುಂಬಿಸಿ ಹಾಗೇ ಕೊಡುತ್ತಿದ್ದೆವು. ಮೋರಿಯಲ್ಲಿ ಕಟ್ಟಿದ್ದು ಬರೀ ಪಾತ್ರೆ ತೊಳೆದ ನೀರಿನ ಜಿಡ್ಡು, ಜೊತೆಗೆ ಹಿಂದಿನ ಬೇಕರಿಯವರದ್ದು.

ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಅಡುಗೆಮನೆಯ ನೀರು ಒಳಚರಂಡಿಗೆ ಸೇರಿದೆ, ಮಳೆನೀರು ಸೇರಿಲ್ಲ, ಇದರಲ್ಲಿ ತಪ್ಪು ಕಂಡುಬಂದರೆ ಸರಿಪಡಿಸುವ ಖರ್ಚೂ ದಂಡವೂ ಮಾಲೀಕರದ್ದು. ಛೇಂಬರ್ ಪರೀಕ್ಷೆಯ ವಿಡಿಯೋ ಅವರ ವಾಟ್ಸ್ಆ್ಯಪ್ಪಿಗೇ ಕಳಿಸಿ ಇಟ್ಟುಕೊಳ್ಳಿ. ನಮ್ಮ ಅಗ್ರಿಮೆಂಟಿನಲ್ಲಿ "ಮಳಿಗೆಯಲ್ಲಾಗುವ ಎಲ್ಲ ಹಾನಿಗೆ ಬಾಡಿಗೆದಾರರೇ ಹೊಣೆ" ಅಂತ ಇದ್ದದ್ದನ್ನೇ ತೋರಿಸಿ ಮೋರಿ ಶುಚಿ ಮಾಡಿಸಿದ್ದು, ನೆಲ ಅಗೆದು ಪೈಪ್ ಬದಲಿಸಿದ್ದು, ಪೇಂಟು, ಎಲ್ಲವನ್ನೂ ಅಡ್ವಾನ್ಸಿನಲ್ಲಿ ಮುರಿದುಕೊಂಡರು. ವಕೀಲರ ಮೂಲಕ ನೋಟಿಸ್ ಕಳಿಸಿದ್ದೇವೆ. ಹಣ ಬಂದರೆ ಇಲ್ಲೇ ತಿಳಿಸುತ್ತೇನೆ. ಮಳಿಗೆಗೆ ಮತ್ತೆ ಟು ಲೆಟ್ ಬೋರ್ಡ್ ಬಿದ್ದಿದೆ. ಟೆರೇಸಿನ ಪೈಪು ಇವತ್ತಿಗೂ ಅದೇ ಛೇಂಬರಿಗೆ ಇಳಿದಿದೆ, ಆ ಕಡೆ ಮಳಿಗೆ ನೋಡುತ್ತಿರುವವರು ಅರಿಶಿನದ ಪೊಟ್ಟಣ ಜೊತೆಗೇ ಒಯ್ಯಿರಿ.