ರೆಜೆಕ್ಸ್101: ಚುಕ್ಕಿ, ಕಂಸದ ಕಾಟ ಇದ್ದೋರಿಗೆ ಛಲೋ ಸೈಟು

ರೆಜೆಕ್ಸ್ ಅಂದ್ರ ಫೈಲಿನ್ಯಾಗ ಬೇಕಾದ ಅಕ್ಷರ ಹುಡುಕಾಕ ಬರಿಯೋ ಪ್ಯಾಟರ್ನ್, ಅದನ್ನ ಪರೀಕ್ಷೆ ಮಾಡಿ ನೋಡೋ ಸೈಟಿದು. ಪ್ಯಾಟರ್ನ್ ಸರಿ ಬರದೇನಿ ಮ್ಯಾಚ್ ಯಾಕ ಆಗವಲ್ತು ಅಂತ ತಲಿ ಕೆರ್ಕೊಳ್ಳೋರು ಇದನ್ನೊಮ್ಮೆ ತಗದ್ ನೋಡ್ರಿ, ಫ್ರೀ ಐತಿ, ಲಾಗಿನ್ನೂ ಬೇಕಾಗಿಲ್ಲ. ನಾವು ಹುಬ್ಬಳ್ಳ್ಯಾಗ ಅಡತಿ ಅಂಗಡಿಗೋಳ ಬಿಲ್ಲಿನ ಡೇಟಾ ಕ್ಲೀನ್ ಮಾಡೋ ಮಂದಿ, ನಮಗಂತೂ ದಿನಾ ಬೇಕು.

ನಮ್ಮ ಫೈಲಿನ್ಯಾಗ ಬ್ಯಾಡಗಿ (ಕಡ್ಡಿ), ಬ್ಯಾಡಗಿ (ಡಬ್ಬಿ) ಅಂತ ಬರದಿರ್ತಾರ. ಅದನ್ನ ಇದ್ದಂಗ ಪ್ಯಾಟರ್ನಿಗೆ ಹಾಕಿದ್ರ ಕಂಸ ಗ್ರೂಪ್ (ಒಳಗಿದ್ದದ್ದನ್ನ ಒಂದು ಗುಂಪು ಮಾಡೋ ಗುರ್ತು) ಆಗಿಬಿಡ್ತಾವು, ಅದು ಕಂಸಾನ ಇಲ್ಲದ 'ಬ್ಯಾಡಗಿ ಕಡ್ಡಿ' ಹುಡುಕ್ಕೋತ ಕುಂದರ್ತೈತಿ. ಬ್ಯಾಡಗಿ \(ಕಡ್ಡಿ\) ಅಂತ ಬ್ಯಾಕ್‌ಸ್ಲಾಶ್ ಹಾಕಬೇಕು. ಕಂಸದ ತಪ್ಪಾದ್ರೂ ಪಾಡ, ಸಿಗಲಿಲ್ಲ ಅಂತ ಗೊತ್ತರ ಆಗ್ತೈತಿ. ಚುಕ್ಕಿ ಮಾತ್ರ ಭಾರಿ ಕಳ್ಳ ನೋಡ್ರಿ, 12.50 ಅಂತ ಕೊಟ್ರ 12350ನೂ ಹಿಡಿತೈತಿ, 12450ನೂ ಹಿಡಿತೈತಿ, ತೂಕ ಯಾವ್ದು ಕ್ವಿಂಟಲ್ ರೇಟ್ ಯಾವ್ದು ಎಲ್ಲಾ ಕಲಸಿ ಹೋಗ್ತೈತಿ, ಎರರ್ ಅಂತೂ ಒಂದೂ ಬರೂದಿಲ್ಲ. ಈ ಸೈಟಿನ್ಯಾಗ ಸಿಕ್ಕಿದ್ದಕ್ಕೆಲ್ಲಾ ಬಣ್ಣ ಬೀಳ್ತೈತಿ, ಹಂಗಾಗಿ ಅಲ್ಲೇ ಸಿಕ್ಕಿಬೀಳ್ತೈತಿ. ಬಾಜೂಕ ಒಂದೊಂದು ಗುರ್ತಿಂದೂ ಅರ್ಥ ಬಿಡಿಸಿ ಹೇಳ್ತೈತಿ, ಬರೇ ಚುಕ್ಕಿ ಇದ್ರ ಯಾವ ಅಕ್ಷರ ಆದ್ರೂ ನಡಿತೈತಿ ಅಂತೈತಿ, \. ಮಾಡಿದ್ರ 46ನೇ ಕೋಡಿನ (ಕಂಪ್ಯೂಟರಿನ್ಯಾಗ ಚುಕ್ಕಿಗಿರೋ ನಂಬರ್) ಚುಕ್ಕಿ ಅಷ್ಟ ಅಂತೈತಿ. ಎಸ್ಕೇಪಿಂಗ್ (ಹಿಂಗ ಬ್ಯಾಕ್‌ಸ್ಲಾಶ್ ಹಾಕಿ ಗುರ್ತಿನ ವಿಶೇಷ ಅರ್ಥ ತೆಗಿಯೂದು) ಕಲಿಯೋರಿಗೆ ಇಷ್ಟ ಸಾಕು. ಚೌಕ ಕಂಸದಾಗ [.] ಅಂತ ಹಾಕಿದ್ರೂ ನಡಿತೈತಿ, ನನಗ ಅದ ಓದಾಕ ಹಗೂರ ಅನಸ್ತೈತಿ.

ಎಡಗಡೆ ನಿಮ್ಮ ಪ್ರೋಗ್ರಾಮಿಂಗ್ ಭಾಷೆ ಆರಿಸೂದು ಮರೀಬ್ಯಾಡ್ರಿ. ತಾರೀಖಿನ ಓರೆಗೆರಿ / ಪಿಎಚ್‌ಪಿ ಮೋಡಿನ್ಯಾಗ ಡಿಲಿಮಿಟರ್ (ಪ್ಯಾಟರ್ನಿನ ಸುರು, ಕೊನಿ ತೋರ್ಸೋ ಗುರ್ತು) ಆಗಿರ್ತೈತಿ, ಎಸ್ಕೇಪ್ ಮಾಡು ಅಂತ ಕೆಂಪು ಬರ್ತೈತಿ, ಪೈಥಾನಿಗೆ ಆ ತಂಟೆ ಇಲ್ಲ. ಇನ್ನ ಜಾವಾ ಸ್ಟ್ರಿಂಗಿಗೆ (ಕೋಡಿನ್ಯಾಗ ಕೋಟ್ ಗುರ್ತಿನೊಳಗ ಬರಿಯೋ ಅಕ್ಷರಗೋಳು) ಒಯ್ಯೂಮುಂದ ಒಂದು ಬ್ಯಾಕ್‌ಸ್ಲಾಶ್ ಎರಡಾಗಬೇಕು, \\. ಅಂತ, ಅದಕ್ಕ ಕೈಲೆ ಕಾಪಿ ಮಾಡೂಕಿಂತ ಅಲ್ಲೇ ಇರೋ, ಪ್ಯಾಟರ್ನಿಗೆ ತಾನ ಕೋಡ್ ಬರದು ಕೊಡೋ ಕೋಡ್ ಜನರೇಟರ್ ಬಳಸೂದು ಛಲೋ.

ಒಂದು ಸ್ಟಾರ್ ಕಡಿಮಿ ಕೊಟ್ಟೇನಿ, ಯಾಕಂದ್ರ ಹೊಸಬರಿಗೆ ಸ್ಕ್ರೀನ್ ತುಂಬ ಗದ್ದಲ ಅನಸ್ತೈತಿ. ಮತ್ತ ಹುಡುಕೋ ಹೆಸರು ಯೂಸರ್ ಟೈಪ್ ಮಾಡೋದಿದ್ರ ಈ ಸೈಟಿನ್ಯಾಗ ಕುಂತು ಕೈಲೆ ಬ್ಯಾಕ್‌ಸ್ಲಾಶ್ ತುಂಬೂದು ಹುಚ್ಚುತನ, ಪೈಥಾನಿನ್ಯಾಗ ಆರ್‌ಇ ಡಾಟ್ ಎಸ್ಕೇಪ್ (re.escape), ಜಾವಾದಾಗ ಪ್ಯಾಟರ್ನ್ ಡಾಟ್ ಕೋಟ್ (Pattern.quote) ಅನ್ನೋ ಫಂಕ್ಷನ್ ಅದಕ್ಕಂತನ ಅದಾವು. ಪಾರ್ಟಿ ಹೆಸರು, ಮೊಬೈಲ್ ನಂಬರ್ ಇರೋ ಡೇಟಾ ಹಾಕಿ ಸೇವ್ ಮಾಡಬ್ಯಾಡ್ರಿ, ಲಿಂಕ್ ಸಿಕ್ಕೋರೆಲ್ಲಾ ನೋಡಬಹುದು.